ಸುಳಿ ಕೂಡದ ಜೋಡಿ

ನಾನು ಸಣ್ಣಕ್ಷರ ಓದುತ್ತೇನೆ. ಏನೀಗ? ಮಾತ್ರೆಯ ಹಾಳೆಯ ಹಿಂಬದಿ, ಬಲ್ಬಿನ ನೆತ್ತಿ, ಕುಕ್ಕರಿನ ತಳ, ಬಿಸ್ಕತ್ತಿನ ಪೊಟ್ಟಣದ ಮಡಿಕೆಯೊಳಗೆ ಯಾರೂ ನೋಡಬಾರದೆಂದೇ ಅಚ್ಚು ಹಾಕಿದ ಸಾಲು, ಯಾವುದನ್ನೂ ಬಿಡುವವಳಲ್ಲ. ಅಂಗಡಿಯಲ್ಲಿ ನನ್ನ ಹಿಂದೆ ನಿಂತವರು ಕಾಲು ಬದಲಿಸುತ್ತಾರೆ, ಕೆಮ್ಮುತ್ತಾರೆ. ಮನೆಯವರು ನನ್ನ ಜೊತೆ ಅಂಗಡಿಗೆ ಬರುವುದನ್ನೇ ಬಿಟ್ಟಿದ್ದಾರೆ. ಬಿಡಲಿ. ಕನ್ನಡಕದ ನಂಬರು ಏರಿತೇ ಹೊರತು ಚಾಳಿ ಇಳಿಯಲಿಲ್ಲ.

ಮೊನ್ನೆ ಮಿಕ್ಸಿಯ ಜಾರಿಗೆ ರಬ್ಬರು ತರಲು ಹೋಗಿದ್ದೆ. ಅಂಗಡಿಯವನು ಎರಡು ರಬ್ಬರು ಮುಂದಿಟ್ಟು, "ಎರಡೂ ಒಂದೇ, ಯಾವ್ದಾದ್ರೂ ತಗೊಳ್ಳಿ" ಅಂದ. ಒಂದೇ ಆಗಿದ್ದರೆ ಎರಡು ಯಾಕಪ್ಪ ಮಾಡಿದರು ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ. ನನಗೆ ಈ "ಎರಡೂ ಒಂದೇ" ಎಂಬ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಆ ಮಾತು ಹೇಳುವವರನ್ನು ಗಮನಿಸಿ ನೋಡಿ, ಆ ಎರಡರಲ್ಲಿ ಯಾವುದರ ಜೊತೆಗೂ ಬಾಳಬೇಕಾದವರು ಅವರಾಗಿರುವುದಿಲ್ಲ.

ಈ ಕಿರಿಕಿರಿ ನನಗೆ ತಾಯಿಯಿಂದ ಬಂದದ್ದು. ನನ್ನ ತವರು ನಾಗಮಂಗಲ. ಅಮ್ಮನಿಗೆ ಓದು ಬರಹ ಅಷ್ಟಕ್ಕಷ್ಟೆ, ಆದರೆ ಸೀರೆಗೆ ರವಿಕೆ ಬಟ್ಟೆ ಹೊಂದಿಸುವುದರಲ್ಲಿ ಅವಳನ್ನು ಏಮಾರಿಸಿದ ಜವಳಿ ಅಂಗಡಿ ಆ ಊರಲ್ಲಿರಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪಿಕೊಳ್ಳುವ ಹೆಂಗಸೇ ಅಲ್ಲ ಅವಳು. ಸೀರೆ ಮತ್ತು ಬಟ್ಟೆ ಎರಡನ್ನೂ ಹೊತ್ತುಕೊಂಡು ಮೆಟ್ಟಿಲಿಳಿದು ನಡುಬೀದಿಗೆ ಬಂದು ಬಿಸಿಲಿಗೆ ಹಿಡಿಯುತ್ತಿದ್ದಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಸೈಕಲ್ಲಿನವರು ಸೀರೆಯನ್ನು ಬಳಸಿಕೊಂಡು ಹೋಗಬೇಕಾಗುತ್ತಿತ್ತು. ನನ್ನ ಕ್ಲಾಸಿನ ಹುಡುಗಿಯರು ಸರಿಯಾಗಿ ಅದೇ ಹೊತ್ತಿಗೆ ಅದೇ ಬೀದಿಯಲ್ಲಿ ಬರುತ್ತಿದ್ದರು. ನಾನು ಸೀರೆಯ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದೆ. ಅಂಗಡಿಯವನು ಒಳಗಿನಿಂದ, "ಎರಡೂ ಒಂದೇ ಬಣ್ಣ ಕಣಕ್ಕ, ಒಳಕ್ ಬಾ" ಎಂದು ಕೂಗುವನು. ಅಮ್ಮ ಅಲ್ಲಿಂದಲೇ, "ನಿನ್ನಂಗಡೀಲಿ ಒಂದೇ. ನಾನು ಉಟ್ಕಂಡು ಓಡಾಡೋದು ಬಿಸ್ಲಲ್ಲಿ" ಎನ್ನುವಳು. ಆಗ ನನಗೆ ನಾಚಿಕೆಯಾಗುತ್ತಿತ್ತು. ಈಗ ಅವಳ ಬಗ್ಗೆ ಹೆಮ್ಮೆ ಬಿಟ್ಟರೆ ಬೇರೇನೂ ಇಲ್ಲ.

ಡಿಗ್ರಿ ಮುಗಿದ ಮೇಲೆ ಶ್ರೀರಂಗಪಟ್ಟಣದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಒಂದು ಟೈಪಿಂಗ್ ಅಂಗಡಿಗೆ ಸೇರಿದೆ. ಕಂಪ್ಯೂಟರಿನಲ್ಲಿ ಕನ್ನಡ ಹೊಡೆಯುವವರು ಆಗ ಆ ಕಡೆ ಬೆರಳೆಣಿಕೆ. ಲಗ್ನಪತ್ರಿಕೆ, ಕರಪತ್ರ, ಶ್ರದ್ಧಾಂಜಲಿ ಎಲ್ಲಕ್ಕೂ ನಾನೇ. ಕೆಲವು ವರ್ಷದಲ್ಲಿ ಮಾಲೀಕರಿಗೆ ಅದರ ಮೇಲೆ ಬೇಸರ ಬಂದು, ಅಂಗಡಿಯನ್ನು ಎಸ್‌ಟಿಡಿ ಬೂತ್ ಮಾಡಲು ಹೊರಟಾಗ ನಾನು ಆ ಕಂಪ್ಯೂಟರನ್ನು ಕೊಂಡುಕೊಂಡೆ. ನನ್ನ ಓರಗೆಯವರು ಸಂಬಳ ಕೂಡಿಟ್ಟು ಓಲೆ ಮಾಡಿಸಿಕೊಳ್ಳುತ್ತಿದ್ದ ಕಾಲ ಅದು. ನನ್ನ ಕಿವಿಯಲ್ಲಿ ಅಮ್ಮನ ಹಳೆಯ ಬೆಂಡೋಲೆಯೇ ಉಳಿಯಿತು. ಮಾಲೀಕರು ಸಾಮಾನು ಏರಿಸಿಕೊಡುವಾಗ ಒಂದು ಮಾತು ಹೇಳಿದರು: "ಇದಕ್ಕೆ ಮೆಮೊರಿ ಒಂಟಿಯಾಗಿ ಹಾಕಿದ್ರೆ ಏಳಲ್ಲಮ್ಮ, ಜೋಡೀನೇ ಬೇಕು. ಹಾಕೋವಾಗ ಅದರ ಮೇಲಿನ ನಂಬರಿನ ಕೊನೇ ಎರಡಂಕಿ ನೋಡ್ಕೊ. ಅದು ಅದರ ವೇಗ, ಅಂಕಿ ಹೆಚ್ಚಿದಷ್ಟೂ ನಿಧಾನ. ನಿನ್ನ ಮಿಷನ್ನಿಗೆ ಅರವತ್ತು ಇರಬೇಕು, ಎರಡರಲ್ಲೂ."

ಮೆಮೊರಿ ಅಂದರೆ ಗೊತ್ತಲ್ಲ. ಕಂಪ್ಯೂಟರು ಕೆಲಸ ಮಾಡುವಾಗ ಸಾಮಾನು ಹರವಿಕೊಳ್ಳುವ ಜಗಲಿ ಅದು. ಜಗಲಿ ಕಿರಿದಾದರೆ ಯಂತ್ರ ಅರ್ಧದಲ್ಲೇ ಕೈಕಟ್ಟಿ ಕೂತುಬಿಡುತ್ತದೆ. ಆಗಿನ ಮೆಮೊರಿ ನೋಡಲು ಬಾಚಣಿಗೆಯಷ್ಟು ಉದ್ದದ ಹಸಿರು ಪಟ್ಟಿ, ಅದರ ಮೇಲೆ ಸಾಲಾಗಿ ಕೂತ ಕರಿಯ ಚಿಪ್ಪುಗಳು, ಒಂದು ಅಂಚಿಗೆ ಹಲ್ಲಿನಂತೆ ಲೋಹದ ಗೆರೆಗಳು. ಇಷ್ಟೇ. ಈ ಬಾಚಣಿಗೆಯ ವಿಷಯಕ್ಕೆ ಒಂದು ಮನೆ ಎರಡು ಭಾಗವಾದೀತು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಮದುವೆಯಾಗಿ ಚಿನಕುರಳಿಗೆ ಬಂದೆ. ನನ್ನ ಬೀರು ಮಂಚಗಳ ಜೊತೆ ಟ್ರಾಕ್ಟರಿನಲ್ಲಿ ಕಂಪ್ಯೂಟರೂ ಬಂತು. ಸೊಸೆ ಜೊತೆ ಹೊಸ ಟೀವಿ ಬಂದಿದೆ ಎಂದು ಅಕ್ಕಪಕ್ಕದವರೆಲ್ಲ ಸಂಜೆ ಧಾರಾವಾಹಿ ನೋಡಲು ಬಂದು ಚಾಪೆ ಹಾಸಿಕೊಂಡು ಕೂತರು. ನಾನು ಅವರ ಹೆಸರುಗಳನ್ನು ದಪ್ಪಕ್ಷರದಲ್ಲಿ ಹೊಡೆದು ತೋರಿಸಿದೆ. ಒಬ್ಬ ಅಜ್ಜಿ ತನ್ನ ಹೆಸರು ನೋಡಿ, "ಇದು ಕುಣಿಯಾಕಿಲ್ವಾ?" ಎಂದು ಕೇಳಿ ಎದ್ದು ಹೋಯಿತು. ಅಲ್ಲಿಗೆ ಊರಿನ ಕುತೂಹಲ ಮುಗಿಯಿತು. ಮಿಕ್ಕದ್ದು ಕಲ್ಲು ಕ್ವಾರಿಯ ಧೂಳು. ಅದು ಮಾತ್ರ ಹಳೆಯ ಸೀರೆ ಎಷ್ಟು ಹೊದಿಸಿದರೂ ಬಿಡದೆ ದಿನಾ ಬಂದು ವಿಚಾರಿಸಿಕೊಂಡು ಹೋಗುತ್ತಿತ್ತು.

ನಮ್ಮ ಮಾವ ಸಿದ್ದೇಗೌಡರನ್ನು ಸುತ್ತಿನವರೆಲ್ಲ ಜೋಡಿ ಸಿದ್ದೇಗೌಡರೆಂದೇ ಕರೆಯುತ್ತಿದ್ದರು. ಒಂಟಿ ಎತ್ತು ಉಳಿದವರು ಅದಕ್ಕೆ ಜೊತೆ ಹುಡುಕಲು ಇವರನ್ನು ಕರೆದೊಯ್ಯುವರು. ಬಣ್ಣ, ಎತ್ತರ, ಕೊಂಬಿನ ಬಾಗು, ಹಲ್ಲು, ನಡಿಗೆ ಎಲ್ಲ ಆದ ಮೇಲೆ ಕೊನೆಗೆ ಸುಳಿ. ಮೈಮೇಲಿನ ಕೂದಲು ಎಲ್ಲಿ ಸುತ್ತಿಕೊಂಡಿದೆ, ಎಡಕ್ಕೋ ಬಲಕ್ಕೋ ಎಂದು ಬೆರಳಾಡಿಸಿ ನೋಡುವರು. ಸುಳಿ ಕೂಡದಿದ್ದರೆ ಎಷ್ಟೇ ಚೆಂದದ ಎತ್ತಾಗಿರಲಿ, ಟವೆಲು ಕೊಡವಿಕೊಂಡು ಎದ್ದುಬಿಡುವರು. ಅವರು ಕೂಡಿಸಿದ ಜೋಡಿಗೆ ಹೆಸರಿತ್ತು. ಇದು ಯಾರ ಎತ್ತು ಎಂದು ಕೇಳುವ ಮೊದಲು ಯಾರು ಕೂಡಿಸಿದ ಜೋಡಿ ಎಂದು ಕೇಳುವ ಊರು ಅದು. ಜೋಡಿ ವಿಷಯಕ್ಕೆ ತಕರಾರು ಬಂದರೆ ಕೂಡಿಸಿದವರ ಮಾತೇ ಕೊನೆ.

ಆ ಮನೆಯಲ್ಲಿ "ನನ್ನದು" ಎಂಬ ಪದ ಇರಲಿಲ್ಲ. ಎಲ್ಲವೂ ಮನೆಯದು. ಕೇಳಲು ಚೆಂದದ ಮಾತು. ಆದರೆ ಮನೆಯದು ಎಂದರೆ ಸೊಸೆಯದಲ್ಲ ಎಂದು ಅರ್ಥ ಎನ್ನುವುದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಯಜಮಾನರ ಅಣ್ಣನಿಗೆ, ಅಂದರೆ ನಮ್ಮ ಭಾವನವರಿಗೆ ಕೆ.ಆರ್. ಪೇಟೆಯಲ್ಲಿ ಗೊಬ್ಬರದ ಅಂಗಡಿ. ಅವರ ಕಣ್ಣು ಮೊದಲ ದಿನದಿಂದಲೂ ನನ್ನ ಕಂಪ್ಯೂಟರಿನ ಮೇಲೆ. ಅಂಗಡಿಯ ಮೇಜಿನ ಮೇಲೆ ಅದು ಕೂತರೆ ಅಂಗಡಿಗೆ ಒಂದು ಕಳೆ ಎಂದು ಅವರ ಲೆಕ್ಕ. ಭಾವ ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ನಾನು ಎದುರಿಗೇ ಇದ್ದರೂ, "ಕಾಫಿ ಕೊಡಕ್ಕೇಳು" ಎಂದು ಗೋಡೆಗೋ ಗಡಿಯಾರಕ್ಕೋ ಹೇಳುವರು. ಹಾಗಾಗಿ ಕಂಪ್ಯೂಟರಿನ ವಿಷಯವನ್ನೂ ನನಗೆ ಹೇಳಲಿಲ್ಲ, ತಮ್ಮನಿಗೆ ಹೇಳಿದರು. ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಜಗತ್ತಿನ ಯಾವುದೇ ಪ್ರಶ್ನೆಗೆ ಕೊಡುತ್ತಿದ್ದ ಉತ್ತರ ಒಂದೇ: "ನೋಡಾಣ."

ನಾನು ನೋಡುತ್ತಾ ಕೂರಲಿಲ್ಲ. ಪಾಂಡವಪುರದ ಒಂದು ಹೈಸ್ಕೂಲಿಗೆ ಹೋಗಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೊಡೆದುಕೊಡುವ ಕೆಲಸ ಹಿಡಿದು ತಂದೆ. ಕನ್ನಡ, ಸಮಾಜ, ವಿಜ್ಞಾನ, ಎಲ್ಲ ಮೇಷ್ಟ್ರುಗಳ ಕೈಬರಹವೂ ನನ್ನ ಮಂಚದ ಮೇಲೆ ಬಂದು ಬಿತ್ತು. ಆದರೆ ಹೊಸದಾಗಿ ಹಾಕಿಸಿದ ಕನ್ನಡದ ತಂತ್ರಾಂಶಕ್ಕೆ ನನ್ನ ಹಳೆಯ ಮೆಮೊರಿ ಸಾಲದೆ ಹೋಯಿತು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಪರದೆ ಸ್ತಬ್ಧ. ಅಶೋಕನು ಮರಗಳನ್ನು ನೆಡಿಸಿದನು ಎಂಬಲ್ಲಿ ಮರಕ್ಕೇ ನಿಂತುಬಿಡುತ್ತಿತ್ತು. ಭಾವನವರಿಗೆ ಸುದ್ದಿ ಮುಟ್ಟಿತು. ಭಾನುವಾರ ಬಂದವರು ಊಟದ ಎಲೆ ಮುಂದೆ ಕೂತು ತಮ್ಮನಿಗೆ ಹೇಳಿದರು: "ಈ ಪರೀಕ್ಷೆ ಕೆಲ್ಸ ಒಂದು ಆಯ್ತದಾ ನೋಡ್ಲಾ. ಆಗ್ನಿಲ್ಲ ಅಂದ್ರೆ ಮಿಷನ್ನ ಅಂಗಡೀಗೆ ತಗಂಡೋಗ್ತೀನಿ. ಇಲ್ಲಿ ಧೂಳು ತಿನ್ಕಂಡು ಯಾಕ್ ಕೂತಿರ್ಬೇಕು."

ಯಜಮಾನರು "ನೋಡಾಣ" ಅಂದರು. ನಾನು ಸಾರಿನ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟೆ.

ಮಾರನೆಯ ದಿನ ಮೆಮೊರಿ ತರಲು ಕೆ.ಆರ್. ಪೇಟೆಗೆ ಹೊರಟೆ. ಸೊಸೆಯನ್ನು ಒಬ್ಬಳನ್ನೇ ಕಳಿಸುವುದು ಹೇಗೆಂದು ಮನೆಯವರು ಚರ್ಚಿಸುತ್ತಿದ್ದಾಗ ನಾನು, ಒಂದಲ್ಲ ಎರಡು ತರಬೇಕು, ಜೋಡಿ ಕೂಡಬೇಕು ಅಂದೆ. ಜಗಲಿಯ ಮೇಲಿದ್ದ ಮಾವ ತಲೆಯೆತ್ತಿದರು. "ಜೋಡಿಯಾ?" ಎಂದು ಕೇಳಿ ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು.

ಕೆ.ಆರ್. ಪೇಟೆಯ ಆ ಅಂಗಡಿಯಲ್ಲಿ ರೇಡಿಯೋ ರಿಪೇರಿಯೂ ನಡೆಯುತ್ತಿತ್ತು, ಕಂಪ್ಯೂಟರ್ ಸಾಮಾನೂ ಸಿಗುತ್ತಿತ್ತು. ನಾವು ಹೋದಾಗ ಕರೆಂಟಿರಲಿಲ್ಲ. ಅಂಗಡಿಯ ರಮೇಶ ನನ್ನ ಹಳೆಯ ಜೋಡಿಯನ್ನು ಬದಲಿಗೆ ತೆಗೆದುಕೊಳ್ಳಲು ಒಪ್ಪಿದ. ಹಳೆಯದು ಕೊಟ್ಟು ಹೊಸದು ಹೊಡೆದುಕೊಂಡು ಬರುವ ಈ ವ್ಯವಹಾರ ಮಾವನಿಗೆ ಬಲು ಇಷ್ಟವಾಯಿತು. ನನಗೆ ಮಾತ್ರ ಭಯ. ಹಳೆಯದನ್ನು ಕೊಟ್ಟಮೇಲೆ ಹೊಸದು ಏಳದಿದ್ದರೆ ಮಿಷನ್ನಿಗೆ ಜೀವವೇ ಇಲ್ಲ. ಕರೆಂಟಿಲ್ಲದೆ ಹಾಕಿ ನೋಡುವಂತಿಲ್ಲ. "ಒಂದ್ಸಲ ಮನೆಗ್ ತಗಂಡೋದ್ರೆ ವಾಪಸ್ ತಗಳಕ್ಕಾಗಲ್ಲ ಮೇಡಂ" ಎಂದು ರಮೇಶ ಮೊದಲೇ ಹೇಳಿಬಿಟ್ಟ.

ಅವನು ಮೇಜಿನ ಮೇಲೆ ಮೂರು ಪಟ್ಟಿ ಇಟ್ಟ. ಮೂರೂ ಎಂಟೆಂಟು ಎಂಬಿ. ಎರಡು ಅವಳಿಜವಳಿ: ಅದೇ ಎಳೆಹಸಿರು, ಅಷ್ಟೇ ಎತ್ತರ, ಅಷ್ಟೇ ಚಿಪ್ಪು. ಮೂರನೆಯದು ಕುಳ್ಳು, ಬಣ್ಣ ಕಡುಹಸಿರು.

ಮಾವ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಇವು ಒಂದೇ ಕೊಟ್ಟಿಗೇವಾ?"

"ಎಲ್ಲಾ ಬೆಂಗ್ಳೂರಿಂದ ಬತ್ತವೆ ಯಜಮಾನ್ರೇ."

"ಎಡಕ್ಕೆ ಕಟ್ಟೋದ್ಯಾವ್ದು, ಬಲಕ್ಕೆ ಕಟ್ಟೋದ್ಯಾವ್ದು?"

"ಯಾವ್ದ ಬೇಕಾದ್ರೂ ಯಾವ್ ಕಡೀಕಾದ್ರೂ ಆಕ್ಬೋದು."

ಮಾವ ನನ್ನ ಕಡೆ ಬಾಗಿ ಮೆಲ್ಲಗೆ, "ಪಳಗ್ಸಿಲ್ಲ" ಅಂದರು.

ಆಮೇಲೆ ಪರೀಕ್ಷೆ ಶುರುವಾಯಿತು. ಒಂದೊಂದನ್ನೂ ಅಂಗೈ ಮೇಲೆ ಇಟ್ಟುಕೊಂಡು ತೂಗಿ ನೋಡಿದರು. ಹಲ್ಲು ನೋಡಿದರು. ಪಕ್ಕಪಕ್ಕ ನಿಲ್ಲಿಸಿ ಎತ್ತರ ನೋಡಿದರು. ನಂತರ ಅವರ ಬೆರಳು ಒಂದು ಚಿಪ್ಪಿನ ಮೇಲೆ ನಿಂತಿತು. ಪ್ರತಿ ಚಿಪ್ಪಿನ ಮೂಲೆಯಲ್ಲೂ ಒಂದು ಚಿಕ್ಕ ಗುಂಡನೆಯ ಗುಳಿ ಇರುತ್ತದೆ. ಚಿಪ್ಪನ್ನು ಪಟ್ಟಿಯ ಮೇಲೆ ಕೂರಿಸುವವರಿಗೆ ಇದು ಯಾವ ಕಡೆ ಎಂದು ತಿಳಿಯಲು ಇಟ್ಟ ಗುರುತು ಅದು. ಮಾವನ ಮುಖ ಅರಳಿತು.

"ನೋಡವ್ವ, ಸುಳಿ ಐತೆ."

ಅವಳಿಜವಳಿ ಎರಡರಲ್ಲೂ ಸುಳಿ ಎಡಕ್ಕಿತ್ತು. ಕುಳ್ಳನಲ್ಲಿ ಬಲಕ್ಕಿತ್ತು. ಅಲ್ಲಿಗೆ ತೀರ್ಪಾಯಿತು. ಅವಳಿಗಳನ್ನು ನನ್ನ ಕಡೆ ಸರಿಸಿ ಕುಳ್ಳನನ್ನು ಬೆರಳ ತುದಿಯಿಂದ ಆಚೆ ತಳ್ಳಿದರು. ರಮೇಶ, "ಎಷ್ಟ್ ಚೆನ್ನಾಗಿ ಹೇಳಿದ್ರಿ, ಇವೆರಡೂ ಒಂದೇ" ಎಂದು ಪೊಟ್ಟಣ ಕಟ್ಟಲು ಕಾಗದ ಹರಿದ.

ಎರಡೂ ಒಂದೇ. ನನಗೆ ಅಷ್ಟು ಸಾಕಾಯಿತು. ಮೂರನ್ನೂ ಎತ್ತಿಕೊಂಡು ಅಂಗಡಿಯಿಂದ ಇಳಿದು ಬೀದಿಗೆ ಹೋದೆ. ಬಿಸಿಲಿಗೆ ಹಿಡಿದು, ಓರೆ ಮಾಡಿ, ಕಣ್ಣು ಕಿರಿದು ಮಾಡಿ ಓದಿದೆ. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರ. ಅವಳಿಗಳಲ್ಲಿ ಒಂದರ ಕೊನೆಗೆ ಅರವತ್ತು. ಇನ್ನೊಂದರ ಕೊನೆಗೆ ಎಪ್ಪತ್ತು. ಕುಳ್ಳನ ಮೇಲೆ ಅರವತ್ತು. ಹಾದಿಯಲ್ಲಿ ಹೋಗುವವರು ನನ್ನನ್ನು ನೋಡುತ್ತಿದ್ದರು. ಮುಖ ಮರೆಸಿಕೊಳ್ಳಲು ನನಗೆ ಸೀರೆಯೂ ಬೇಕಾಗಿರಲಿಲ್ಲ.

ಒಳಗೆ ಬಂದು, ಎಪ್ಪತ್ತನ್ನು ರಮೇಶನ ಮುಂದಿಟ್ಟು, ಇದು ಬೇಡ, ಮಿಕ್ಕ ಎರಡು ಕೊಡಿ ಅಂದೆ.

"ಇಷ್ಟಕ್ಕೆಲ್ಲ ಏನೂ ಆಗಲ್ಲ ಮೇಡಂ" ಅಂದ ರಮೇಶ. ರೇಡಿಯೋ ರಿಪೇರಿಗೆ ಬಂದು ಕೂತಿದ್ದ ಇಬ್ಬರು, ಯಾವುದರ ಬಗ್ಗೆ ಮಾತು ಎಂದೂ ತಿಳಿಯದೆ, "ಹಿರೀಕ್ರು ಏಳಿದ್ಮೇಲೆ ಮುಗೀತಲ್ವಾ" ಅಂದರು.

"ಇದು ನಡೆಯೋದ್ರಲ್ಲಿ ನಿಧಾನ, ಅದು ಬೇಗ" ಎಂದೆ ಮಾವನಿಗೆ. "ನೋಡಕ್ಕೆ ಒಂದೇ ಥರ ಇದ್ರೂ ನಡಿಗೆ ಬೇರೆ ಮಾವ."

"ನಡಿಗೇನ ಬರ್ದಿರೋದ್ ಓದಿ ಕಂಡ್ಕಂಡ್ಯಾ?" ಎಂದರು ಮಾವ. ಅವರ ಧ್ವನಿ ತಣ್ಣಗಿತ್ತು. "ಸುಳಿ ಕೂಡಾಕಿಲ್ಲ ಕಣವ್ವ. ಒಂದು ಎಡ, ಒಂದು ಬಲ. ಇಂಥ ಜೋಡೀನ ನಾನು ಯಾರ್ ಮನೇಗೂ ಕಟ್ಟಿಲ್ಲ."

"ಕಟ್ಕಂಡು ಕೆಲಸ ಮಾಡೋಳು ನಾನು ಮಾವ. ಇವೇ ಇರಲಿ."

ನಾಲ್ಕು ಜನರ ಮುಂದೆ ಜೋಡಿ ಸಿದ್ದೇಗೌಡರ ಮಾತನ್ನು ಯಾರೂ ತೆಗೆದುಹಾಕಿರಲಿಲ್ಲ, ಅದೂ ಸೊಸೆ. ಸೋಲು ಅಂದರೆ ಮಿಷನ್ನು ಗೊಬ್ಬರದ ಅಂಗಡಿಗೆ. ಸುಮ್ಮನೆ ಒಪ್ಪಿಕೊಂಡಿದ್ದರೆ ಸೋತರೂ ಬೈಗುಳ ಹಂಚಿಕೆಯಾಗುತ್ತಿತ್ತು, ಈಗ ಎಲ್ಲವೂ ನನ್ನ ತಲೆಗೇ. ಆಗಲಿ, ನನ್ನ ತಲೆಗೇ ಬರಲಿ ಎಂದುಕೊಂಡೆ. ಆ ಅವಳಿಗಳನ್ನು ಹಾಕಿದ್ದರೂ ನಡೆಯುತ್ತಿತ್ತೋ ಏನೋ ಎಂದು ಈಚೆಗೆ ಯಾರೋ ತಿಳಿದವರು ಹೇಳಿದರು. ನಡೆಯುತ್ತಿತ್ತೇನೋ. ನನಗೆ ಬೇಕಾಗಿರಲಿಲ್ಲ.

ಬಸ್ಸಿನಲ್ಲಿ ಮಾವ ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತರು. ಹೊರಡುವಾಗ ಹೊಸಹೊಳಲಿನ ದೇವಸ್ಥಾನ ತೋರಿಸ್ತೀನಿ ಅಂದಿದ್ದರು. ಅದರ ಸೊಲ್ಲೇ ಇಲ್ಲ.

ಮನೆಗೆ ಬಂದು ಬಾಗಿಲು ತೆರೆದೇ ಇಟ್ಟುಕೊಂಡು ಕೂತೆ. ಮೈಯಲ್ಲಿನ ಕರೆಂಟು ಇಳಿಯಲೆಂದು ಕಿಟಕಿಯ ಸರಳು ಮುಟ್ಟಿ, ಕಂಪ್ಯೂಟರಿನ ಡಬ್ಬ ಬಿಚ್ಚಿ, ಉದ್ದದ್ದನ್ನೂ ಕುಳ್ಳನನ್ನೂ ಅಕ್ಕಪಕ್ಕದ ಗೂಡಿಗೆ ಓರೆಯಾಗಿ ಇಳಿಸಿ ನೆಟ್ಟಗೆ ನಿಲ್ಲಿಸಿದೆ. ಟಕ್ ಎಂದು ಕೂತವು. ನಿಜ ಹೇಳುತ್ತೇನೆ, ನೋಡಲು ಬಲು ಅಸಹ್ಯವಾಗಿದ್ದವು. ಬಾಗಿಲಾಚೆ ಮಾವನ ಟವೆಲಿನ ತುದಿ ಕಾಣುತ್ತಿತ್ತು. ಗುಂಡಿ ಒತ್ತಿದೆ. ಕರಿಯ ಪರದೆಯ ಮೇಲೆ ಬಿಳಿಯ ಅಂಕಿ ಓಡತೊಡಗಿತು. ಹಳೆಯ ಮೆಮೊರಿ ಎಲ್ಲಿ ನಿಲ್ಲುತ್ತಿತ್ತೋ ಆ ಅಂಕಿ ಬಂತು. ನಿಲ್ಲಲಿಲ್ಲ, ದಾಟಿ ಓಡಿತು. ಅಷ್ಟೇ ದೂರ ಮತ್ತೊಮ್ಮೆ ಓಡಿ ನಿಂತಿತು. ಒಂದು ಸಣ್ಣ ಬೀಪ್. ನನಗೆ ಅಳು ಬಂತು.

ಬಾಗಿಲಾಚೆಯಿಂದ, "ಎದ್ದೈತಾ?"

"ಎದ್ದೈತೆ ಮಾವ."

"ನಡಿಗೆ ಎಂಗೈತೆ?"

"ಚೆನ್ನಾಗೈತೆ."

"ವರ್ಸ ಆಗ್ಲಿ, ಆಮೇಲ್ ಏಳ್ತೀನಿ" ಎಂದು ಟವೆಲು ಮರೆಯಾಯಿತು.

ಅಶೋಕ ಮರ ನೆಡಿಸಿ ಮುಗಿಸಿದ. ದ್ಯುತಿಸಂಶ್ಲೇಷಣೆ ನಡೆಯಿತು. ಎಲ್ಲ ಪತ್ರಿಕೆಗಳೂ ಹೊತ್ತಿಗೆ ಸರಿಯಾಗಿ ಪಾಂಡವಪುರ ತಲುಪಿದವು, ಬೇರೆ ಎರಡು ಸ್ಕೂಲಿನವರೂ ಹುಡುಕಿಕೊಂಡು ಬಂದರು. ಊರಲ್ಲಿ ಮಾತ್ರ ಸುದ್ದಿ ಬೇರೆ ದಾರಿ ಹಿಡಿಯಿತು. "ಸೊಸೆ ಕಂಪೂಟ್ರಿಗೂ ನೀವೇ ಜೋಡಿ ಕೂಡ್ಸುದ್ರಂತೆ?" ಎಂದು ಜನ ಜಗಲಿಗೆ ಬಂದು ಕೇಳುವರು. ಮಾವನ ಪಾಲಿಗೆ ಅದು ಮರ್ಯಾದೆಯ ಪ್ರಶ್ನೆ. ಸುಳಿ ಕೂಡದ ಜೋಡಿಯ ಜೊತೆ ತಮ್ಮ ಹೆಸರು ಸೇರಿಕೊಂಡರೆ ಹೇಗೆ? "ನಾನು ಕೂಡ್ಸಿಲ್ಲ ಕಣ್ಲಾ. ಅವಳೇ ಕೂಡ್ಸವ್ಳೆ. ನಾನ್ ಬ್ಯಾಡ ಅಂದೆ" ಎಂದು ಕೇಳಿದವರಿಗೂ ಕೇಳದವರಿಗೂ ಸಾರುವರು. ನಾನು ಒಳಗೆ ಕೂತು ಟೈಪ್ ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಕೋಪ ಬರುತ್ತಿತ್ತು.

ಮಿಷನ್ನು ಚೆನ್ನಾಗಿ ಓಡುತ್ತಿದೆ ಎಂಬ ಸುದ್ದಿ ಕೆ.ಆರ್. ಪೇಟೆಗೂ ಹೋಯಿತು. ಕೆಟ್ಟಿದ್ದಾಗಲೇ ಬೇಕು ಅಂದವರು ಓಡುವಾಗ ಬಿಡುತ್ತಾರೆಯೇ? ಒಂದು ಬೆಳಿಗ್ಗೆ ಭಾವ ಟೆಂಪೋ ಹಿಡಿದುಕೊಂಡೇ ಬಂದರು. ಕಾಫಿ ಕುಡಿದು, ಜಗಲಿಯ ಮೇಲೆ ಕೂತ ತಮ್ಮನಿಗೆ, "ಪರೀಕ್ಷೆ ಮುಗೀತಲ್ಲ, ಇನ್ನೇನು. ಏರ್ಸ್‌ಬುಡಾಣ ನಡಿ" ಅಂದರು. ಅದು ಮುಗಿದುಹೋದ ಮಾತು ಎಂಬಂತಿತ್ತು. ಒಯ್ಯುತ್ತೇನೆ ಅಂದಿದ್ದು ಕೆಲಸ ಆಗದಿದ್ದರೆ ಅಲ್ಲವೇ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಯಜಮಾನರು ನನ್ನ ಮುಖ ನೋಡಿದರು, ಅಣ್ಣನ ಮುಖ ನೋಡಿದರು, "ನೋಡಾಣ" ಅಂದರು.

ನಾನು ಜಗಳವಾಡಲಿಲ್ಲ. ಒಳಗೆ ಹೋಗಿ ಡಬ್ಬ ಬಿಚ್ಚಿದೆ. ಮೆಮೊರಿ ಎರಡನ್ನೂ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದು ಜಗಲಿಯ ಕಂಬದ ಪಕ್ಕ ನಿಂತೆ.

"ಮಿಷನ್ ಅಲ್ಲೈತೆ, ಏರ್ಸ್ಕಳಿ ಅನ್ನಿ" ಎಂದೆ, ಅವರ ಪದ್ಧತಿಯಂತೆ ಕಂಬಕ್ಕೇ.

ಭಾವ ನನ್ನ ಕೈ ನೋಡಿದರು. "ಅದೇನ್ಲಾ ಅವಳ ಕೈಲಿ?" ಎಂದು ತಮ್ಮನನ್ನು ಕೇಳಿದರು.

"ಮೆಮೊರಿ" ಅಂದರು ಯಜಮಾನರು. ಆಮೇಲೆ, ಅವರ ಮೇಲೆ ನನಗೆ ಮೊದಲ ಬಾರಿಗೆ ಪ್ರೀತಿ ಉಕ್ಕುವಂತೆ, ಇನ್ನೊಂದು ಮಾತು ಸೇರಿಸಿದರು. "ಅದಿಲ್ದೆ ಅದು ಏಳಕ್ಕಿಲ್ಲ."

ಭಾವ ಅಪ್ಪನ ಕಡೆ ತಿರುಗಿದರು. "ಅಪ್ಪಾ, ಅದ್ನೂ ಕೊಡು ಅಂತ ಏಳು ಅವಳ್ಗೆ."

ಮಾವ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರು ಕೊಡು ಅಂದಿದ್ದರೆ ಆ ಮನೆಯಲ್ಲಿ ಅದರ ಮೇಲೆ ಮಾತಿಲ್ಲ. ಅವರು ಎಲೆ ಮಡಿಸಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಅಂಗಡಿಯಲ್ಲಾದ ಅವಮಾನ ಇನ್ನೂ ಇಳಿದಿರಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು.

"ನಾನ್ಯಾಕ್ಲಾ ಏಳ್ಲಿ" ಎಂದರು. "ಅದು ನಾನ್ ಕೂಡ್ಸಿದ್ ಜೋಡಿ ಅಲ್ಲ. ಸುಳೀನೇ ಕೂಡಾಕಿಲ್ಲ ಅವಕ್ಕೆ. ಕೂಡ್ಸಿದೋಳು ಅವಳು. ಜೋಡಿ ಅವಳ್ದು. ಕೇಳಂಗಿದ್ರೆ ಅವಳ್ನೇ ಕೇಳು."

ಅವಳದು. ಆ ಜಗಲಿಯ ಮೇಲೆ, ಆ ಬಾಯಿಂದ. ಮುನಿಸಿನಲ್ಲೇ ಹೇಳಿರಲಿ, ತಮ್ಮ ಹೆಸರು ಉಳಿಸಿಕೊಳ್ಳಲೆಂದೇ ಹೇಳಿರಲಿ, ನನಗೇನು?

ಭಾವ ಗೋಡೆ ನೋಡಿದರು. ಗಡಿಯಾರ ನೋಡಿದರು. ಟೆಂಪೋದವನು ಹಾರ್ನ್ ಮಾಡಿದ. ಬೇರೆ ದಾರಿ ಕಾಣದೆ ಭಾವ ನನ್ನ ಕಡೆ ತಿರುಗಿದರು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು.

"ಕೊಡ್ತೀಯೇನವ್ವ?"

"ಕೊಡಾಕಿಲ್ಲ ಭಾವ" ಅಂದೆ.